ಟ್ರಂಕಿನಲ್ಲಿ ಉಳಿದದ್ದು, ಡಿಸ್ಕಿನಲ್ಲಿ ಅಳಿದದ್ದು



ಬೀದರಿನ ಚರಿತ್ರೆಯೆಂದರೆ ನಾವು ಪರದೆಯ ಮೇಲೆ ಕೋಟೆ, ಗುಂಬಜ್, ಮದ್ರಸಾಗಳನ್ನು ತೋರಿಸುತ್ತೇವೆ. ನೋಡುವುದಕ್ಕೆ ಅವು ಚೆನ್ನ. ಆದರೆ ಒಂದು ಊರಿನ ಚರಿತ್ರೆಯ ದೊಡ್ಡ ಪಾಲು ಮನೆಗಳ ಅಟ್ಟದ ಮೇಲೆ, ಕಪಾಟಿನ ಮೂಲೆಯಲ್ಲಿ, ಈಚೆಗೆ ನಿಮ್ಮ ಜೇಬಿನ ಮೊಬೈಲಿನಲ್ಲಿ ಇರುತ್ತದೆ. ಕೋಟೆಯನ್ನು ಕಾಯಲು ಸರ್ಕಾರದ ಇಲಾಖೆಯಿದೆ. ಮನೆಯ ಚಿತ್ರಗಳನ್ನು ಕಾಯುವವರು ಮನೆಯವರೇ. ಈ ಸರಳ ಸಂಗತಿ ನನಗೆ ಮನವರಿಕೆಯಾದದ್ದು ಚಿದ್ರಿಯಲ್ಲಿ, ನನ್ನ ಸೋದರಮಾವನ ಮನೆಯಲ್ಲಿ.

ಚಿದ್ರಿ ಇಂದು ಬೀದರ್ ನಗರದೊಳಗೇ ಸೇರಿಹೋಗಿದೆ. ವಾಯುಪಡೆಯ ತರಬೇತಿ ವಿಮಾನಗಳು ತಲೆಯ ಮೇಲೆ ಹಾರುವಾಗ ಮಾತನ್ನು ಅರ್ಧಕ್ಕೆ ನಿಲ್ಲಿಸಿ, ಸದ್ದು ಕಳೆದ ಮೇಲೆ ಮುಂದುವರಿಸುವುದು ನಮ್ಮ ಮಾವನ ಮನೆಯವರಿಗೆ ರೂಢಿಯಾಗಿದೆ. ಕಾರ್ಯಕ್ರಮವೊಂದಕ್ಕೆ ಹಳೆಯ ಚಿತ್ರಗಳು ಬೇಕೆಂದು ನಾನು ಕೇಳಿದಾಗ ಮಾವ ಎರಡು ವಸ್ತುಗಳನ್ನು ತಂದಿಟ್ಟರು. ಒಂದು ನಮ್ಮ ಮುತ್ಯಾನ ಕಾಲದ ತಗಡಿನ ಟ್ರಂಕು. ಇನ್ನೊಂದು ಅಂಗೈಯಗಲದ ಹಾರ್ಡ್ ಡಿಸ್ಕ್.

ಟ್ರಂಕಿನಲ್ಲಿ ಬಟ್ಟೆ ಸುತ್ತಿದ ಒಂದು ಕಪ್ಪು-ಬಿಳುಪು ಚಿತ್ರವಿತ್ತು. ಸ್ಟುಡಿಯೋ ಪರದೆಯ ಮುಂದೆ ಇಬ್ಬರು ತರುಣರು. ಒಬ್ಬರು ನಮ್ಮ ಮುತ್ಯಾ. ಇನ್ನೊಬ್ಬರು ಯಾರೆಂದು ಮಾವನಿಗೂ ತಿಳಿಯದು. ಚಿತ್ರದ ಹಿಂಬದಿಯಲ್ಲಿ ಉರ್ದು ಬರಹವಿತ್ತು. ಮುತ್ಯಾ ಓದಿದ್ದು ನಿಜಾಮರ ಕಾಲದಲ್ಲಿ. ಆಗ ಶಾಲೆ, ಕಚೇರಿ ಎಲ್ಲವೂ ಉರ್ದುವಿನಲ್ಲಿ. 1956ರ ನವೆಂಬರ್ 1ರಂದು ಬೀದರ್ ಮೈಸೂರು ರಾಜ್ಯಕ್ಕೆ ಸೇರಿತು, ಮಾವ ಕನ್ನಡ ಶಾಲೆಗೆ ಹೋದರು. ಹೀಗಾಗಿ ತಂದೆಯ ಕೈಬರಹ ಮಗನಿಗೆ ಅಪರಿಚಿತವಾಗಿ ಉಳಿಯಿತು. ನೆರೆಮನೆಯ ನಿವೃತ್ತ ಉರ್ದು ಶಿಕ್ಷಕರನ್ನು ಕರೆಸಿದೆವು. ಅವರು ಕನ್ನಡಕ ಏರಿಸಿ ಎರಡು ಹೆಸರುಗಳನ್ನೂ ಒಂದು ಇಸವಿಯನ್ನೂ ಓದಿದರು: 1353.

ಇದು ಫಸಲಿ ವರ್ಷ. ಹೈದರಾಬಾದ್ ಸಂಸ್ಥಾನದ ಕಾಗದಪತ್ರಗಳಲ್ಲಿ ನಡೆಯುತ್ತಿದ್ದ ಲೆಕ್ಕ. ವರ್ಷ ಆರಂಭವಾಗುತ್ತಿದ್ದದ್ದು ಅಕ್ಟೋಬರಿನಲ್ಲಿ. ಅದಕ್ಕೆ 590 ಕೂಡಿಸಿದರೆ ನಮ್ಮ ಇಸವಿ ಸಿಗುತ್ತದೆ, ಅಂದರೆ 1943-44. ಎರಡನೆಯ ಹೆಸರು ಮುತ್ಯಾನ ತಮ್ಮನದು. ಮಾವ ಹುಟ್ಟುವ ಮೊದಲೇ ತೀರಿಕೊಂಡಿದ್ದ ಕಾಕಾ. ಎಪ್ಪತ್ತು ದಾಟಿದ ಮಾವ ತಮ್ಮ ಕಾಕಾನ ಮುಖವನ್ನು ಅಂದು ಮೊದಲ ಬಾರಿಗೆ ಗುರುತಿಸಿದರು. ಹಿಂಬದಿಯ ಒಂದು ಸಾಲು ಇಲ್ಲದಿದ್ದರೆ ಚಿತ್ರ ಇದ್ದೂ ಆ ಮನುಷ್ಯ ಇಲ್ಲವಾಗುತ್ತಿದ್ದರು.

ಅನಂತರ ಹಾರ್ಡ್ ಡಿಸ್ಕಿನ ಸರದಿ. ಅದರಲ್ಲಿ 2008ರಿಂದ 2018ರವರೆಗಿನ ಮನೆಯ ಚಿತ್ರಗಳೆಲ್ಲ ಇದ್ದವು. ಮದುವೆ, ತೊಟ್ಟಿಲು, ಹೊಸಮನೆ, ಮತ್ತು 2017ರ ದೀಪಾವಳಿ. ಆ ದೀಪಾವಳಿಗೆ ನನ್ನ ತಾಯಿ ತವರಿಗೆ ಬಂದಿದ್ದರು. 2019ರಲ್ಲಿ ಅವರು ತೀರಿಕೊಂಡರು. ಡಿಸ್ಕನ್ನು ಗಣಕಕ್ಕೆ ಜೋಡಿಸಿದೆ. ಒಳಗೆ ಟಿಕ್ ಟಿಕ್ ಎಂದು ಸದ್ದಾಯಿತು. ಪರದೆಯ ಮೇಲೆ ಏನೂ ಮೂಡಲಿಲ್ಲ. “ಎಲ್ಲಾ ಅದ್ರಾಗೇ ಇಟ್ಟಿದ್ದೆ ನೋಡಪಾ” ಎಂದರು ಮಾವ.

ಎಂಬತ್ತು ವರ್ಷದ ಕಾಗದ ಉಳಿದು, ಹತ್ತು ವರ್ಷದ ಯಂತ್ರ ಕೈಕೊಟ್ಟದ್ದು ಹೇಗೆ? ವಿಜ್ಞಾನ ಓದಿದವನಾದ ನನಗೆ ಯಂತ್ರದ ಕಾರಣ ಗೊತ್ತಿತ್ತು. ಆದರೆ ಉಳಿಸುವ ಉಪಾಯವನ್ನು ತಿಳಿಸಿದ್ದು ಬೀದರಿನ ಚರಿತ್ರೆಯೇ.

ಚಿದ್ರಿಯಿಂದ ಹಳೆಯ ಊರಿನೊಳಗೆ ಹೋದರೆ ಮಹಮೂದ್ ಗವಾನನ ಮದ್ರಸಾ ಇದೆ. ಬಹಮನಿ ರಾಜ್ಯದ ಈ ಮಂತ್ರಿ ಅದನ್ನು ಕಟ್ಟಿಸಿದ್ದು 1472ರ ಸುಮಾರಿಗೆ. ಅಲ್ಲಿನ ಗ್ರಂಥಾಲಯದಲ್ಲಿ 3,000 ಹಸ್ತಪ್ರತಿಗಳಿದ್ದವೆಂದು ಹೇಳುತ್ತಾರೆ. 1481ರಲ್ಲಿ ಸುಲ್ತಾನನ ಅಪ್ಪಣೆಯಂತೆ ಗವಾನನ ತಲೆ ಹೋಯಿತು. 17ನೆಯ ಶತಮಾನದ ಕೊನೆಯ ದಶಕದಲ್ಲಿ ಕಟ್ಟಡದೊಳಗೆ ಮದ್ದು ಸಿಡಿದು ಮುಂಭಾಗದ ಒಂದು ಪಾಲು ಕುಸಿಯಿತು. ಎರಡು ಮಿನಾರುಗಳಲ್ಲಿ ಇಂದು ನಿಂತಿರುವುದು ಒಂದೇ. ಆ ಪುಸ್ತಕಗಳು ಅಲ್ಲಿಲ್ಲ. ಆದರೆ ಗವಾನ್ ಪರ್ಷಿಯನ್ ಭಾಷೆಯಲ್ಲಿ ಬರೆದ ಪತ್ರಗಳು ಇಂದಿಗೂ ಓದಲು ಸಿಗುತ್ತವೆ. ‘ರಿಯಾಜುಲ್ ಇನ್ಷಾ’ ಎಂಬ ಆ ಸಂಗ್ರಹವನ್ನು ಪತ್ರಲೇಖನದ ಮಾದರಿಯೆಂದು ಲಿಪಿಕಾರರು ನಕಲು ಮಾಡಿಕೊಂಡರು. ಪ್ರತಿಗಳು ಬೇರೆ ಬೇರೆ ಊರುಗಳ ಗ್ರಂಥಾಲಯಗಳನ್ನು ಸೇರಿದವು. 1948ರಲ್ಲಿ ಹೈದರಾಬಾದಿನಲ್ಲಿ ಅದು ಅಚ್ಚಾಯಿತು. ಒಂದೇ ಕಡೆ ಕೂಡಿಟ್ಟದ್ದು ಹೋಯಿತು, ಹಲವು ಕಡೆ ಹಂಚಿದ್ದು ಉಳಿಯಿತು.

ಇದೇ ಜಿಲ್ಲೆಯ ಬಸವಕಲ್ಯಾಣಕ್ಕೆ ಬನ್ನಿ. 12ನೆಯ ಶತಮಾನದ ಶರಣರು ಬರೆದ ಮೂಲ ಓಲೆ ನಮ್ಮ ಕೈಯಲ್ಲಿಲ್ಲ. ಅವರ ವಚನಗಳು ಇವೆ. ಓಲೆಗರಿಗೆ ಹುಳು ಹಿಡಿಯುತ್ತದೆ, ಅಂಚು ಮುರಿಯುತ್ತದೆ. ಅದು ಪೂರ್ತಿ ಹಾಳಾಗುವ ಮೊದಲೇ ಯಾರೋ ಒಬ್ಬರು ಹೊಸ ಗರಿಗೆ ಪ್ರತಿಮಾಡಿಕೊಂಡರು. ಅದನ್ನು ಮತ್ತೊಂದು ತಲೆಮಾರು ಪ್ರತಿಮಾಡಿತು. ಮಠಗಳಲ್ಲೂ ಮನೆಗಳಲ್ಲೂ ಇದ್ದ ಅಂಥ ಕಟ್ಟುಗಳನ್ನು ಫ.ಗು. ಹಳಕಟ್ಟಿಯವರು ಅಲೆದು ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು. ಇದರಿಂದ ಎರಡನೆಯ ಪಾಠ ಸಿಗುತ್ತದೆ. ಯಾವ ವಸ್ತುವೂ ಶಾಶ್ವತವಲ್ಲ; ಅದು ಕೆಡುವ ಮೊದಲೇ ಬರಹ ಹೊಸ ವಸ್ತುವಿಗೆ ದಾಟಬೇಕು.

ಮೂರನೆಯ ಪಾಠ ಛಾಯಾಚಿತ್ರಕಾರರದು. ಆರನೆಯ ನಿಜಾಮರ ಆಸ್ಥಾನದ ಛಾಯಾಚಿತ್ರಕಾರರಾಗಿದ್ದ ರಾಜಾ ದೀನದಯಾಳ್ (1844-1905) ಗಾಜಿನ ಫಲಕಗಳ ಮೇಲೆ ಚಿತ್ರ ತೆಗೆಯುತ್ತಿದ್ದರು. ಅವರ ನೆಗೆಟಿವ್‌ಗಳಿಗೆ ಕ್ರಮಸಂಖ್ಯೆಯಿತ್ತು, ಚಿತ್ರಗಳಿಗೆ ಹೆಸರಿತ್ತು. ಅಂಥ 2,800ಕ್ಕೂ ಹೆಚ್ಚು ಫಲಕಗಳು ಇಂದು ದೆಹಲಿಯ ಇಂದಿರಾಗಾಂಧಿ ರಾಷ್ಟ್ರೀಯ ಕಲಾ ಕೇಂದ್ರದಲ್ಲಿವೆ. ಗಾಜು ಒಡೆಯದೆ ಉಳಿದದ್ದು ಒಂದು ಭಾಗ್ಯ. ಯಾವ ಫಲಕದಲ್ಲಿ ಏನಿದೆಯೆಂದು ತಿಳಿಯುವಂತೆ ಇಟ್ಟದ್ದು ಒಂದು ಶಿಸ್ತು.

ಈ ಪಾಠಗಳನ್ನು ಮರೆತವರಲ್ಲಿ ನನ್ನ ವೃತ್ತಿಯವರೂ ಇದ್ದಾರೆ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ತೆರೆಕಂಡಿತು. ಅದರ ಒಂದು ಪ್ರತಿಯೂ ಇಂದು ಉಳಿದಿಲ್ಲ. ಟೇಪು ದುಬಾರಿಯಾಗಿದ್ದ ಕಾಲದಲ್ಲಿ ಹಳೆಯ ಕಾರ್ಯಕ್ರಮವನ್ನು ಅಳಿಸಿ ಅದರ ಮೇಲೆಯೇ ಹೊಸದನ್ನು ಮುದ್ರಿಸುವುದು ಹಲವು ದೇಶಗಳ ಟೆಲಿವಿಷನ್ ಸಂಸ್ಥೆಗಳಲ್ಲಿ ನಡೆದುಬಂದ ಪದ್ಧತಿ. ಬ್ರಿಟನ್ನಿನ ಬಿಬಿಸಿ ಹೀಗೆ ಕಳೆದುಕೊಂಡ ‘ಡಾಕ್ಟರ್ ಹೂ’ ಸರಣಿಯ ಒಂಬತ್ತು ಕಂತುಗಳು ಮತ್ತೆ ಸಿಕ್ಕಿದವೆಂದು 2013ರಲ್ಲಿ ಪ್ರಕಟವಾಯಿತು. ಸಿಕ್ಕಿದ್ದು ಲಂಡನ್ನಿನಲ್ಲಿ ಅಲ್ಲ. ಪ್ರಸಾರಕ್ಕೆಂದು ಹಿಂದೆ ಕಳಿಸಿದ್ದ ಪ್ರತಿಗಳು ನೈಜೀರಿಯಾದ ಜೋಸ್ ನಗರದ ಕೇಂದ್ರವೊಂದರಲ್ಲಿ ಬಿದ್ದಿದ್ದವು. ಗವಾನನ ಪತ್ರಗಳ ಕಥೆಯೇ ಇಲ್ಲಿಯೂ ಮರುಕಳಿಸಿತು.

ಈಗ ಯಂತ್ರದ ವಿಷಯ. ಬೀದರ್ ಮೈಸೂರು ರಾಜ್ಯಕ್ಕೆ ಸೇರಿದ 1956ರಲ್ಲೇ ಐಬಿಎಂ ಕಂಪನಿ ಮೊದಲ ಹಾರ್ಡ್ ಡಿಸ್ಕನ್ನು ಪ್ರಕಟಿಸಿತು. 24 ಅಂಗುಲದ 50 ತಟ್ಟೆಗಳು, ಸುಮಾರು ಒಂದು ಟನ್ ತೂಕ. ಅದರಲ್ಲಿ ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರಗಳು. ಇಂದಿನ ಮೊಬೈಲಿನ ಒಂದು ಚಿತ್ರ ಸಾಕು, ಅದು ತುಂಬಿಹೋಗಲು. ಮಾವನ ಅಂಗೈಯಗಲದ ಡಿಸ್ಕಿನಲ್ಲಿಯೂ ತತ್ವ ಅದೇ. ಕಾಂತೀಯ ಲೇಪನದ ತಟ್ಟೆ ನಿಮಿಷಕ್ಕೆ 5,400 ಸುತ್ತು ತಿರುಗುತ್ತದೆ, ಓದುವ ಮೊನೆ ಕೂದಲಿನ ದಪ್ಪಕ್ಕಿಂತ ಸಾವಿರಾರು ಪಟ್ಟು ಕಡಿಮೆ ಎತ್ತರದಲ್ಲಿ ಅದರ ಮೇಲೆ ತೇಲುತ್ತದೆ. ಒಮ್ಮೆ ಕೈಜಾರಿ ಬಿದ್ದರೆ ಸಾಕು. ಪೆನ್ ಡ್ರೈವ್ ಮತ್ತು ಮೆಮೊರಿ ಕಾರ್ಡಿನಲ್ಲಿ ಚಿತ್ರ ಇರುವುದು ವಿದ್ಯುದಾವೇಶದ ರೂಪದಲ್ಲಿ. ವರ್ಷಗಟ್ಟಲೆ ಬಳಸದೆ ಇಟ್ಟರೆ ಅದು ಸೋರಿಹೋಗಬಹುದು. ಮನೆಯಲ್ಲಿ ಬರೆದ ಸಿಡಿಯ ಬಣ್ಣದ ಪದರ ಬಿಸಿಲಿಗೂ ಶಾಖಕ್ಕೂ ಕೆಡುತ್ತದೆ. ಕಾಗದದ ಚಿತ್ರ ಮೆಲ್ಲಮೆಲ್ಲನೆ ಮಾಸಿ ನಿಮ್ಮನ್ನು ಎಚ್ಚರಿಸುತ್ತದೆ. ಡಿಜಿಟಲ್ ಚಿತ್ರ ಎಚ್ಚರಿಕೆ ಕೊಡುವುದು ಕಡಿಮೆ. ಆದರೆ ಅದಕ್ಕೊಂದು ದೊಡ್ಡ ಗುಣವಿದೆ. ಅದರ ನೂರನೆಯ ನಕಲೂ ಮೊದಲನೆಯದರಷ್ಟೇ ಸ್ವಚ್ಛ. ಓಲೆಗರಿಯ ಲಿಪಿಕಾರರಿಗೆ ಈ ವರ ಇರಲಿಲ್ಲ.

ನಮ್ಮ ಮನೆಯ ಕಥೆ ಏನಾಯಿತು? ಡಿಸ್ಕನ್ನು ತಜ್ಞರಿಗೆ ತೋರಿಸಿದೆವು, ಫಲ ಸಿಗಲಿಲ್ಲ. ಔರಾದಿನಲ್ಲಿರುವ ಚಿಕ್ಕಮ್ಮ 2018ರಲ್ಲಿ ಟಿವಿಯಲ್ಲಿ ನೋಡಲೆಂದು ದೀಪಾವಳಿಯ ಚಿತ್ರಗಳನ್ನು ಪೆನ್ ಡ್ರೈವಿಗೆ ಹಾಕಿಸಿಕೊಂಡಿದ್ದರು. ಅದು ಅವರ ಹೊಲಿಗೆ ಪೆಟ್ಟಿಗೆಯಲ್ಲಿ ಸಿಕ್ಕಿತು. ಅರವತ್ತೊಂದು ಚಿತ್ರಗಳು. ಅವುಗಳಲ್ಲೊಂದರಲ್ಲಿ ನನ್ನ ತಾಯಿ ಕರ್ಜಿಕಾಯಿಯ ಅಂಚು ಒತ್ತುತ್ತ, ಕ್ಯಾಮೆರಾ ಕಡೆ ನೋಡದೆ ನಗುತ್ತಿದ್ದಾರೆ. ಭಾಲ್ಕಿಯಲ್ಲಿರುವ ಮಾವನ ಮಗಳ ಬಳಿ ವಾಟ್ಸಾಪಿನಲ್ಲಿ ಬಂದ ಇನ್ನಷ್ಟು ಚಿತ್ರಗಳಿದ್ದವು. ಆದರೆ ಗಾತ್ರ ಕುಗ್ಗಿ, ತೆಗೆದ ದಿನಾಂಕ ಅಳಿಸಿಹೋಗಿತ್ತು. ಮೊದಲ ಒಂಬತ್ತು ವರ್ಷದ ಚಿತ್ರಗಳು ಬಹುಪಾಲು ಹೋದವು. ಉಳಿದದ್ದು ಜಾಣತನದಿಂದಲ್ಲ, ಚಿಕ್ಕಮ್ಮನ ಆಸೆಯಿಂದ. ಆಕಸ್ಮಿಕವಾಗಿ ನಡೆದದ್ದನ್ನು ನೀವು ಉದ್ದೇಶಪೂರ್ವಕವಾಗಿ ಮಾಡಬೇಕೆಂಬುದೇ ಈ ಬರಹದ ವಿನಂತಿ.

ಮೊದಲು ಎಲ್ಲವನ್ನೂ ಒಂದೆಡೆ ಕೂಡಿಸಿ. ಹಳೆಯ ಫೋನು, ಮೆಮೊರಿ ಕಾರ್ಡು, ಸಿಡಿ, ಬಂಧುಗಳ ಮೊಬೈಲು ಯಾವುದನ್ನೂ ಬಿಡಬೇಡಿ. ಎರಡೆರಡು ಬಾರಿ ಇರುವುದನ್ನು, ಮಸುಕಾದುದನ್ನು, ಬೆಳಗಿನ ಶುಭಾಶಯದ ಹೂವುಗಳನ್ನು ತೆಗೆದುಹಾಕಿ. ಸಾವಿರ ಚಿತ್ರಗಳ ನಡುವೆ ಹುಡುಕಲಾಗದ ಚಿತ್ರ ಇಲ್ಲದ್ದಕ್ಕೆ ಸಮ.

ಬಳಿಕ ವರ್ಷಕ್ಕೊಂದು ಫೋಲ್ಡರ್, ಅದರೊಳಗೆ ಸಂದರ್ಭಕ್ಕೊಂದು ಫೋಲ್ಡರ್ ಮಾಡಿ. ಹೆಸರನ್ನು ಇಸವಿಯಿಂದಲೇ ಆರಂಭಿಸಿ: ‘2017-10 ದೀಪಾವಳಿ ಚಿದ್ರಿ’ ಎಂಬಂತೆ. ಆಗ ಗಣಕ ತಾನಾಗಿಯೇ ಕಾಲಕ್ರಮದಲ್ಲಿ ಜೋಡಿಸುತ್ತದೆ. ಕ್ಯಾಮೆರಾ ಪ್ರತಿ ಚಿತ್ರದೊಳಗೂ ದಿನಾಂಕವನ್ನು ಬರೆದಿಡುತ್ತದೆ. 1995ರಲ್ಲಿ ಜಪಾನಿನಲ್ಲಿ ರೂಪುಗೊಂಡ ‘ಎಕ್ಸಿಫ್’ ಎಂಬ ಮಾನಕದ ಕೊಡುಗೆ ಅದು. ಆದರೆ ಕ್ಯಾಮೆರಾದ ಗಡಿಯಾರ ತಪ್ಪಿದ್ದರೆ ಚಿತ್ರದ ದಿನಾಂಕವೂ ತಪ್ಪು. ಫಸಲಿ ಇಸವಿಗೆ 590 ಕೂಡಿಸಿದಂತೆ ಅದನ್ನೂ ನೀವೇ ತಿದ್ದಬೇಕು.

ಚಿತ್ರದಲ್ಲಿ ಯಾರಿದ್ದಾರೆಂದು ಮಾತ್ರ ಕ್ಯಾಮೆರಾಕ್ಕೆ ತಿಳಿಯದು. ಅದನ್ನು ಮನೆಯ ಹಿರಿಯರಿಂದ ಕೇಳಿ ಬರೆದಿಡಿ. ಯೂನಿಕೋಡ್ ಕನ್ನಡದಲ್ಲಿ ಬರೆಯಿರಿ. ಹಿಂದಿನ ಅಕ್ಷರಶೈಲಿಗಳಲ್ಲಿ ಟೈಪು ಮಾಡಿದ್ದು ಇಂದು ಎಷ್ಟೋ ಗಣಕಗಳಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತದೆ. ಹಳೆಯ ಚಿತ್ರಗಳನ್ನು ಸ್ಕ್ಯಾನ್ ಮಾಡುವಾಗ ಹಿಂಬದಿಯನ್ನೂ ಮರೆಯದೆ ಮಾಡಿ. ನಮ್ಮ ಗಡಿಯ ಜಿಲ್ಲೆಯಲ್ಲಿ ಆ ಬರಹ ಉರ್ದುವಿನಲ್ಲಿರಬಹುದು, ಮರಾಠಿಯ ಮೋಡಿ ಲಿಪಿಯಲ್ಲಿರಬಹುದು. ಓದಬಲ್ಲವರು ಇರುವಾಗಲೇ ಓದಿಸಿಕೊಳ್ಳಿ.

ಕೊನೆಗೆ ಪ್ರತಿಗಳು. ಪೀಟರ್ ಕ್ರೋ ಎಂಬ ಅಮೆರಿಕದ ಛಾಯಾಚಿತ್ರಕಾರ ಈ ಶತಮಾನದ ಮೊದಲ ದಶಕದಲ್ಲಿ ಪ್ರಚಾರಕ್ಕೆ ತಂದ ಸೂತ್ರ 3-2-1: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ. ಕ್ಲೌಡ್ ಎನ್ನುವ ಅಂತರಜಾಲದ ಉಗ್ರಾಣವನ್ನು ಒಂದು ಪ್ರತಿಯಾಗಿ ಎಣಿಸಿ, ಅದೊಂದನ್ನೇ ನಂಬಬೇಡಿ. ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಉಚಿತ ಜಾಗ 2021ರ ಜೂನ್ 1ಕ್ಕೆ ನಿಂತಿತು. ಎರಡು ವರ್ಷ ಬಳಸದ ಖಾತೆಗಳನ್ನು ಅಳಿಸುವುದಾಗಿ ಆ ಕಂಪನಿ 2023ರಲ್ಲಿ ತಿಳಿಸಿತು. ಅನೇಕ ಸೇವೆಗಳಲ್ಲಿ ಫೋನಿನಿಂದ ಅಳಿಸಿದ ಚಿತ್ರ ಅಲ್ಲಿಂದಲೂ ಅಳಿಯುತ್ತದೆಂಬುದು ನೆನಪಿರಲಿ. ಖಾತೆಯ ಗುಪ್ತಪದ ಮನೆಯಲ್ಲಿ ಇನ್ನೊಬ್ಬರಿಗೆ ತಿಳಿದಿರಲಿ. ಬೀಗದ ಕೈ ಒಬ್ಬರ ತಲೆಯಲ್ಲೇ ಇದ್ದರೆ ಅವರೊಂದಿಗೆ ಅದೂ ಹೋಗುತ್ತದೆ. ವರ್ಷಕ್ಕೊಮ್ಮೆ ಪ್ರತಿಗಳನ್ನು ತೆರೆದು ನೋಡಿ, ನಾಲ್ಕೈದು ವರ್ಷಕ್ಕೊಮ್ಮೆ ಹೊಸ ಡಿಸ್ಕಿಗೆ ದಾಟಿಸಿ. ಬಹಳ ಪ್ರಿಯವಾದ ಕೆಲವನ್ನಾದರೂ ಕಾಗದದ ಮೇಲೆ ಮುದ್ರಿಸಿಡಿ.

ನಮ್ಮ ಮನೆಯ ಚಿತ್ರಗಳು ಈಗ ಚಿದ್ರಿಯಲ್ಲಿ ಒಂದು ಡಿಸ್ಕಿನಲ್ಲಿವೆ, ಭಾಲ್ಕಿಯಲ್ಲಿ ಇನ್ನೊಂದರಲ್ಲಿ, ಔರಾದಿನ ಚಿಕ್ಕಮ್ಮನ ಹೆಸರಿನ ಕ್ಲೌಡ್ ಖಾತೆಯಲ್ಲಿ ಮೂರನೆಯ ಪ್ರತಿ. ಯುಗಾದಿಯಂದು ಮೂರೂ ಕಡೆ ತೆರೆದು ನೋಡುವುದೆಂದು ಗೊತ್ತು ಮಾಡಿಕೊಂಡಿದ್ದೇವೆ. ಮುತ್ಯಾ ಮತ್ತು ಅವರ ತಮ್ಮನ ಚಿತ್ರದ ಕೆಳಗೆ ಉರ್ದು ಬರಹದ ಜೊತೆಗೆ ಕನ್ನಡದಲ್ಲೂ ಹೆಸರು ಬರೆದಿದೆ.

ಈ ವಾರ ಒಂದು ಸಂಜೆ ಬಿಡುವು ಮಾಡಿಕೊಳ್ಳಿ. ಮನೆಯ ಹಿರಿಯರೊಬ್ಬರ ಪಕ್ಕದಲ್ಲಿ ಕುಳಿತು ಹತ್ತು ಚಿತ್ರಗಳಿಗೆ ಹೆಸರು ಬರೆಯಿರಿ, ಒಂದು ನಕಲನ್ನು ಊರಿನಾಚೆಯ ಬಂಧುವಿಗೆ ಕಳಿಸಿ. ಡಿಸ್ಕು ಮತ್ತೊಂದನ್ನು ಕೊಳ್ಳಬಹುದು. ಹೆಸರು ಹೇಳುವವರು ಮಾತ್ರ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.