ತಿಪ್ಪೆಯಿಂದ ಎತ್ತಿಕೊಂಡ ಹೆಸರು

ಬಯಲುಸೀಮೆಯ ಹಳ್ಳಿಗಳಲ್ಲಿ ಎರಡು ಮೂರು ಕೂಸುಗಳನ್ನು ಮಣ್ಣುಮಾಡಿದ ಮನೆಯಲ್ಲಿ ಮತ್ತೊಂದು ಕೂಸು ಹುಟ್ಟಿದರೆ, ಅದನ್ನು ಮೊದಲು ತೊಟ್ಟಿಲಿಗೆ ಹಾಕುತ್ತಿರಲಿಲ್ಲ, ತಿಪ್ಪೆಯ ಮೇಲೆ ಮಲಗಿಸುತ್ತಿದ್ದರು. ಮೊರದಲ್ಲಿಟ್ಟು ಹೊತ್ತೊಯ್ದು, ಮನೆಗೆ ಬೇಡವಾದ ಕಸವೆಂಬಂತೆ ಬಿಟ್ಟು ಬರುವುದು. ಸ್ವಲ್ಪ ಹೊತ್ತಿಗೆ ನೆರೆಮನೆಯ ಹೆಂಗಸು ಯಾರದೋ ಮಗು ಸಿಕ್ಕಿತೆಂಬಂತೆ ಅದನ್ನು ಎತ್ತಿಕೊಂಡು ಬರುತ್ತಿದ್ದಳು. ಹೆತ್ತವಳು ಒಂದು ಮೊರ ತೌಡನ್ನೋ ಬಿಡಿಗಾಸನ್ನೋ ಕೊಟ್ಟು ತನ್ನ ಕರುಳಕುಡಿಯನ್ನೇ ಕೊಂಡುಕೊಳ್ಳುತ್ತಿದ್ದಳು. ಗಂಡಾದರೆ ತಿಪ್ಪಯ್ಯ, ತಿಪ್ಪಣ್ಣ. ಹೆಣ್ಣಾದರೆ ತಿಪ್ಪಮ್ಮ, ತಿಪ್ಪವ್ವ.

ಸಾವನ್ನು ಯಾಮಾರಿಸುವ ಉಪಾಯ ಅದು. ಚೆಂದದ ಮಗುವಿಗೆ ಚೆಂದದ ಹೆಸರಿಟ್ಟರೆ ಕಣ್ಣು ಬೀಳುತ್ತದೆ, ಕಸವೆಂದು ಕರೆದರೆ ಜವರಾಯನೂ ಮೂಸಿ ನೋಡದೆ ಹೋದಾನು ಎಂಬ ಆಸೆ. ಹುಚ್ಚಪ್ಪ, ಹುಚ್ಚಮ್ಮ ಎಂಬ ಹೆಸರುಗಳ ಹಿಂದೆಯೂ ಇದೇ ಲೆಕ್ಕಾಚಾರ. ಮೈಸೂರು, ಮಂಡ್ಯದ ಕಡೆ ಜವರಯ್ಯ, ಜವರಮ್ಮ ಎಂದು ಯಮನ ಹೆಸರನ್ನೇ ಮಕ್ಕಳಿಗಿಟ್ಟವರಿದ್ದಾರೆ. ಇನ್ನು ಕೆಲವರು ಕಲ್ಲಿನ ಮೊರೆಹೋದರು. ಗುಂಡಪ್ಪ, ಗುಂಡಮ್ಮ, ಕಲ್ಲಪ್ಪ, ಕಲ್ಲವ್ವ: ಮಗು ಕಲ್ಲಿನಂತೆ ಗಟ್ಟಿಯಾಗಿ ಉಳಿಯಲಿ ಎಂದು. ಮೈ ತುಂಬಿಕೊಂಡು ಆರೋಗ್ಯವಾಗಿರುವವರನ್ನು ಈಗಲೂ ‘ಗುಂಡುಕಲ್ಲಿನ ಹಾಗಿದ್ದಾನೆ’ ಎನ್ನುವುದುಂಟು.

ಈ ಭಯ ಸುಮ್ಮನೆ ಹುಟ್ಟಿದ್ದಲ್ಲ. 20ನೇ ಶತಮಾನದ ಆರಂಭದಲ್ಲಿ ಭಾರತದಲ್ಲಿ ಹುಟ್ಟುತ್ತಿದ್ದ ಪ್ರತಿ ಸಾವಿರ ಮಕ್ಕಳಲ್ಲಿ ಇನ್ನೂರಕ್ಕೂ ಹೆಚ್ಚು ಮಕ್ಕಳು ಮೊದಲ ಹುಟ್ಟುಹಬ್ಬ ಕಾಣುತ್ತಿರಲಿಲ್ಲ. ಇಂದು ಕರ್ನಾಟಕದಲ್ಲಿ ಆ ಸಂಖ್ಯೆ ಇಪ್ಪತ್ತಕ್ಕಿಂತ ಕೆಳಗಿದೆ. ತಿಪ್ಪಮ್ಮ ಎಂದು ಹೆಸರಿಟ್ಟ ತಾಯಿಯನ್ನು ಅರ್ಥ ಮಾಡಿಕೊಳ್ಳಬೇಕಾದವರು ಈ ಎರಡು ಅಂಕಿಗಳ ನಡುವಿನ ಅಂತರದಲ್ಲಿ ಒಂದು ಗಳಿಗೆ ನಿಲ್ಲಬೇಕು.

ಹರಕೆಯ ಹೆಸರುಗಳದು ಇನ್ನೊಂದು ದಾರಿ. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯಲ್ಲಿ ತಿಪ್ಪೇರುದ್ರಸ್ವಾಮಿಯ ಗುಡಿಯಿದೆ. ಬರದ ಸೀಮೆಗೆ ಕೆರೆ ಕಟ್ಟಿಸಿದ ಅವಧೂತ ಎಂದು ಜನ ಆತನನ್ನು ನೆನೆಯುತ್ತಾರೆ. ಚಿತ್ರದುರ್ಗ, ಬಳ್ಳಾರಿ ಕಡೆಯ ತಿಪ್ಪೇಸ್ವಾಮಿಗಳಲ್ಲಿ ಎಷ್ಟೋ ಮಂದಿ ಆ ಗುಡಿಯ ಮಕ್ಕಳು. ಗದಗ ಜಿಲ್ಲೆಯ ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುತ್ತಾರೆ. ಆ ಸೀಮೆಯ ಲಿಂಗಾಯತ, ಕುರುಬ, ನಾಯಕ ಮನೆಗಳಲ್ಲಿ ಫಕೀರಪ್ಪ, ಫಕೀರವ್ವ ಎಂಬ ಹೆಸರು ಕೇಳಿ ಯಾರೂ ಹುಬ್ಬೇರಿಸುವುದಿಲ್ಲ. ರಾಯಚೂರು, ಕಲಬುರಗಿಯ ಹಳ್ಳಿಗಳಲ್ಲಿ ಮೊಹರಂ ದೇವರಿಗೆ ಹರಸಿಕೊಂಡು ಹುಟ್ಟಿದವನು ಹುಸೇನಪ್ಪ. ಅರಬ್ಬಿಯ ಹುಸೇನ್ ಕನ್ನಡದ ಅಪ್ಪನ ಕೈಹಿಡಿದು ಮನೆಯೊಳಗೆ ಬಂದದ್ದಕ್ಕೆ ಯಾವ ರಾಜನ ಅಪ್ಪಣೆಯೂ ಬೇಕಾಗಲಿಲ್ಲ.

ಎಲ್ಲ ಹೆಸರಿನಲ್ಲೂ ಪ್ರೀತಿಯೇ ಇತ್ತೆಂದು ಹೇಳಲಾಗದು. ಸಾಲಾಗಿ ಹೆಣ್ಣುಮಕ್ಕಳೇ ಹುಟ್ಟಿದ ಮನೆಯಲ್ಲಿ ಕೊನೆಯವಳಿಗೆ ಸಾಕಮ್ಮ ಎಂದಿಟ್ಟು ‘ಇನ್ನು ಸಾಕು’ ಎಂದು ದೇವರಿಗೆ ತಿಳಿಸುತ್ತಿದ್ದರು. ಬದುಕಿಡೀ ಆ ಕರೆಗೆ ಓಗೊಡುತ್ತಾ ತಿರುಗಿದ ಹೆಣ್ಣಿನ ಮನಸ್ಸಿನಲ್ಲಿ ಏನಿತ್ತೆಂದು ಯಾರೂ ಕೇಳಿ ಬರೆದಿಡಲಿಲ್ಲ. ಆದರೆ ಕನ್ನಡದಲ್ಲಿ ಸಾಕು ಎಂದರೆ ಸಲಹು ಎಂದೂ ಅರ್ಥವುಂಟು. ಬೆಂಗಳೂರಿನ ಬಸವನಗುಡಿಯಲ್ಲಿ ಕಾಫಿಪುಡಿ ಕಾರ್ಖಾನೆ ನಡೆಸಿ ‘ಕಾಫಿಪುಡಿ ಸಾಕಮ್ಮ’ ಎಂದೇ ಮನೆಮಾತಾದ, ಮೈಸೂರು ಪ್ರಜಾಪ್ರತಿನಿಧಿ ಸಭೆಯಲ್ಲೂ ಕುಳಿತ ಮಹಿಳೆ ಆ ಎರಡನೆಯ ಅರ್ಥವನ್ನು ಬಾಳಿ ತೋರಿಸಿದರು. ಅವರ ಹೆಸರಿನ ಸಾಕಮ್ಮ ಗಾರ್ಡನ್ ಈಗಲೂ ಅಲ್ಲಿದೆ.

ಇವೆಲ್ಲ ತೀರ ಈಚಿನ ಹಳ್ಳಿಗಾಡಿನ ಹೆಸರುಗಳು ಎಂದು ಭಾವಿಸುವವರಿದ್ದಾರೆ. ಅದು ತಪ್ಪು. 10ನೇ ಶತಮಾನದಲ್ಲಿ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿ ಮಾಡಿಸಿ ಹಂಚಿದ ದಾನಚಿಂತಾಮಣಿ ಅತ್ತಿಮಬ್ಬೆಯ ತಂಗಿಯ ಹೆಸರು ಗುಂಡಮಬ್ಬೆ. ದಂಡನಾಯಕರ ಮನೆಯ ಹೆಣ್ಣುಮಗಳು ಅವಳು. ಸಂಸ್ಕೃತದ ಹೆಸರು ಕನ್ನಡದ ನಾಲಗೆಯಲ್ಲಿ ತಿರುಗಿ ನುಣುಪಾದುದನ್ನೂ ಆಗಿನವರು ಕೀಳೆಂದು ಬಗೆಯಲಿಲ್ಲ. ರತ್ನ ರನ್ನನಾದ, ಕವಿಚಕ್ರವರ್ತಿಯೂ ಆದ. ಆ ರನ್ನ ತನ್ನ ಮಕ್ಕಳಿಗಿಟ್ಟ ಹೆಸರು ರಾಯ ಮತ್ತು ಅತ್ತಿಮಬ್ಬೆ. ತನಗೆ ಅನ್ನವಿಟ್ಟು ಪೊರೆದ ಚಾವುಂಡರಾಯ, ಅತ್ತಿಮಬ್ಬೆಯರ ಋಣವನ್ನು ಕವಿ ಹೀಗೆ ಮನೆಯೊಳಗೇ ಕೂಗಿ ಕರೆಯುವಂತೆ ಇಟ್ಟುಕೊಂಡ. ರತ್ನ ರನ್ನನಾದಂತೆಯೇ ರಾಷ್ಟ್ರಕೂಟರ ಕೃಷ್ಣ ಶಾಸನಗಳಲ್ಲಿ ಕನ್ನರ. ಬೇಲೂರಿನ ಗುಡಿ ಕಟ್ಟಿಸಿದ ಹೊಯ್ಸಳ ವಿಷ್ಣುವರ್ಧನ ಬಿಟ್ಟಿದೇವ, ಬಿಟ್ಟಿಗ. ಬಿಟ್ಟಿ ಎಂದರೆ ವಿಷ್ಣುವೇ.

12ನೇ ಶತಮಾನದ ಶರಣರು ಇನ್ನೂ ಒಂದು ಹೆಜ್ಜೆ ಮುಂದಿಟ್ಟರು. ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವ, ನುಲಿಯ ಚಂದಯ್ಯ, ಮೇದಾರ ಕೇತಯ್ಯ, ಆಯ್ದಕ್ಕಿ ಲಕ್ಕಮ್ಮ, ಕದಿರ ರೆಮ್ಮವ್ವೆ. ದೋಣಿ ನಡೆಸುವುದು, ಬಟ್ಟೆ ಒಗೆಯುವುದು, ಹಗ್ಗ ಹೊಸೆಯುವುದು, ಬಿದಿರು ಹೆಣೆಯುವುದು, ಚೆಲ್ಲಿದ ಅಕ್ಕಿ ಆಯುವುದು, ನೂಲುವುದು — ಕೈಗೆಲಸ ಹೆಸರಿನ ಮುಂದೆ ಬಂದು ನಿಂತಿತು. ಲೋಕ ಕೀಳೆಂದದ್ದನ್ನು ಅವರು ಬಚ್ಚಿಡದೆ ವಚನಗಳ ಜೊತೆಗೆ ಉಳಿಸಿದರು.

ಹಾಗಾದರೆ ಇಂಥ ಹೆಸರುಗಳ ಬಗ್ಗೆ ನಾಚಿಕೆ ಎಲ್ಲಿಂದ ಬಂತು? ಒಂದು ಬೇರು ಬಹಳ ಹಳೆಯದು. ಬ್ರಾಹ್ಮಣನ ಹೆಸರು ಮಂಗಳಕರವಾಗಿರಲಿ, ಕ್ಷತ್ರಿಯನದು ಬಲವನ್ನೂ ವೈಶ್ಯನದು ಸಂಪತ್ತನ್ನೂ ಸೂಚಿಸಲಿ, ಶೂದ್ರನದು ಹೇಸಿಗೆ ಹುಟ್ಟಿಸುವಂತಿರಲಿ ಎಂದು ಮನುಸ್ಮೃತಿಯ 2ನೇ ಅಧ್ಯಾಯ ವಿಧಿಸುತ್ತದೆ. ತಾಯಿ ಭಯದಿಂದ ಇಟ್ಟ ಹೆಸರಿಗೂ ಊರು ತಾತ್ಸಾರದಿಂದ ಹೊರಿಸಿದ ಹೆಸರಿಗೂ ಭೂಮಿ ಆಕಾಶದ ಅಂತರವಿದೆ. ಹೊರಗಿನಿಂದ ಕೇಳುವ ಕಿವಿಗೆ ಎರಡೂ ಒಂದೇ ಆಗಿಬಿಟ್ಟವು.

ಊರಿನ ಕ್ರೌರ್ಯ ಹೆಸರಿನಲ್ಲಿ ಮಾತ್ರವಲ್ಲ, ಅದರ ಬಾಲದಲ್ಲೂ ಇತ್ತು. ಅಪ್ಪ, ಅಣ್ಣ, ಅಯ್ಯ, ಅಮ್ಮ, ಅಕ್ಕ, ಅವ್ವ ಇವು ಕನ್ನಡದಲ್ಲಿ ಬರೀ ಪ್ರತ್ಯಯಗಳಲ್ಲ, ಗೌರವದ ಹೊದಿಕೆಗಳು. ಒಡೆಯನ ಮನೆಯ ಹುಡುಗ ತೊಟ್ಟಿಲಲ್ಲೇ ಹನುಮಂತಪ್ಪನಾದರೆ, ಹೊಲೆಗೇರಿಯ ಎಪ್ಪತ್ತರ ಮುದುಕ ಆ ಹುಡುಗನ ಬಾಯಲ್ಲೂ ‘ಲೋ ಹನುಮ’. ಹೊದಿಕೆ ಕಿತ್ತುಕೊಂಡು ಹೆಸರನ್ನು ಬರಿಮೈಯಲ್ಲಿ ನಿಲ್ಲಿಸುವುದು ಹೊಡೆತಕ್ಕಿಂತ ಕಡಿಮೆಯ ಅವಮಾನವಲ್ಲ. ಆ ಮುದುಕನ ಮೊಮ್ಮಕ್ಕಳು ಮುಂದೆ ಸಿದ್ಧಾರ್ಥ, ಗೌತಮ, ಭೀಮರಾವ್ ಎಂಬ ಹೆಸರುಗಳನ್ನು ಆರಿಸಿಕೊಂಡದ್ದು ಫ್ಯಾಷನ್ನಿಗಲ್ಲ. ಯಾರೂ ತುಂಡರಿಸಿ ಕರೆಯಲಾಗದ ಹೆಸರು ಅವರಿಗೆ ಬೇಕಿತ್ತು.

ಶಾಲೆಯ ಹಾಜರಿ ಪುಸ್ತಕವೂ ತನ್ನ ಕೆಲಸ ಮಾಡಿತು. ಸೇರಿಸಲು ಬಂದ ಮಗುವಿನ ಹೆಸರು ಮೇಷ್ಟ್ರಿಗೆ ಹಿಡಿಸದಿದ್ದರೆ ಅಲ್ಲೇ ತಿದ್ದುಪಡಿ: ತಿಪ್ಪ ತಿಪ್ಪೇಶನಾದ, ಕಲ್ಲ ಕಲ್ಲೇಶನಾದ, ಬಸ್ಯ ಬಸವರಾಜನಾದ. ಮನೆಯಲ್ಲಿ ಒಂದು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನ್ನೊಂದು. ಅಲ್ಲಿಗೂ ಸಮಾಧಾನವಾಗದವರು ಪ್ರಮಾಣಪತ್ರ ಮಾಡಿಸಿ, ಪತ್ರಿಕೆಯಲ್ಲಿ ‘ಇನ್ನು ಮುಂದೆ ನನ್ನನ್ನು ಇಂಥ ಹೆಸರಿನಿಂದ ಗುರುತಿಸತಕ್ಕದ್ದು’ ಎಂದು ಜಾಹೀರಾತು ಕೊಟ್ಟರು. ಪೇಟೆಯಲ್ಲಿ ನೆಲೆ ನಿಂತವರು ಅಪ್ಪನ ಹೆಸರನ್ನು ಒಂದೇ ಇಂಗ್ಲಿಷ್ ಅಕ್ಷರಕ್ಕೆ ಮಡಚಿಟ್ಟರು. ‘ಟಿ’ ಎಂಬ ಒಂದಕ್ಷರದ ಒಳಗೆ ತಿಪ್ಪೆಯ ಮೇಲೆ ಮಲಗಿ ಬದುಕಿ ಬಂದ ಒಂದು ಜೀವ ಇರಬಹುದೆಂದು ಮೊಮ್ಮಗನಿಗೆ ಯಾರು ಹೇಳಬೇಕು?

ಆದರೆ ನಾಚದವರೂ ಇದ್ದರು, ಅವರೇನು ಸಣ್ಣವರಲ್ಲ. 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಗುಂಡಪ್ಪ ಆ ಹೆಸರಿನಲ್ಲೇ ಪತ್ರಿಕೆ ನಡೆಸಿದರು, ಡಿವಿಜಿ ಆದರು. 1943ರಲ್ಲಿ ತಮ್ಮ ಬಾಳಿನ ಅರಿವನ್ನೆಲ್ಲ ಪದ್ಯಗಳಲ್ಲಿ ಇಳಿಸಿದಾಗ ಅದಕ್ಕೆ ಅಂಕಿತವಾಗಿ ಯಾವ ಋಷಿಯ ಹೆಸರನ್ನೂ ಎರವಲು ತರಲಿಲ್ಲ, ಮಂಕುತಿಮ್ಮನನ್ನು ಕರೆದು ಕೂರಿಸಿದರು. ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದವರ ಹೆಸರಿನ ಕೊನೆಯಲ್ಲಿರುವುದು ಪುಟ್ಟಪ್ಪ. ‘ಕುವೆಂಪು’ವಿನ ‘ಪು’ ಬೇರೇನೂ ಅಲ್ಲ, ಮಲೆನಾಡಿನ ಮನೆಯಲ್ಲಿ ಕೂಸನ್ನು ಮುದ್ದಿಗೆ ಕರೆಯುವ ಪುಟ್ಟ. ಬೇಂದ್ರೆಯವರು ಕಾವ್ಯನಾಮ ಕಟ್ಟಿಕೊಂಡಾಗ ತಾಯಿಯನ್ನು ಮುಂದಿಟ್ಟು ಅಂಬಿಕಾತನಯದತ್ತರಾದರು.

ಶರಣರ ಪದ್ಧತಿ ಕೂಡ ಸತ್ತಿಲ್ಲ. ಪಾವಗಡ ತಾಲ್ಲೂಕಿನಲ್ಲಿ ಸಾವಿರಾರು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದವರನ್ನು ನಾಡು ಕರೆದದ್ದು ಸೂಲಗಿತ್ತಿ ನರಸಮ್ಮ ಎಂದು. ಹುಲಿಕಲ್ಲಿನಿಂದ ಕುದೂರಿನ ಹಾದಿಗೆ ಆಲದ ಗಿಡ ನೆಟ್ಟು ನೀರು ಹೊತ್ತವರು ಸಾಲುಮರದ ತಿಮ್ಮಕ್ಕ. ದರೋಜಿಯ ಈರಮ್ಮ ಬುರ್ರಕಥೆ ಈರಮ್ಮ. ಅಂಬಿಗರ, ಮಡಿವಾಳ ಎಂಬ ಮಾತು ನಿಂತಿದ್ದ ಜಾಗದಲ್ಲೇ ಈ ಮಾತುಗಳೂ ಬಂದು ನಿಂತಿವೆ. ಯಾವ ಸರ್ಕಾರವೂ ಕೊಡದ ಬಿರುದುಗಳಿವು.

ಕೊಪ್ಪಳದ ಹತ್ತಿರ ಕುಣಿಕೇರಿ ಎಂಬ ಊರಿದೆ. ಅಲ್ಲಿನ ಸರ್ಕಾರಿ ಶಾಲೆಗೆ ತಮಗಿದ್ದ ಜಮೀನನ್ನು ದಾನ ಕೊಟ್ಟು, ಅದೇ ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಬೇಯಿಸುತ್ತಾ ಬಂದ ತಾಯಿಯೊಬ್ಬರಿದ್ದಾರೆ. 2023ರ ರಾಜ್ಯೋತ್ಸವ ಪ್ರಶಸ್ತಿಯ ಪಟ್ಟಿ ಹೊರಬಿದ್ದಾಗ ವಿದ್ವಾಂಸರು, ಕಲಾವಿದರು, ವಿಜ್ಞಾನಿಗಳ ಹೆಸರಿನ ನಡುವೆ ಅವರ ಹೆಸರೂ ಇತ್ತು. ತಿದ್ದದೆ, ಮೊಟಕು ಮಾಡದೆ, ಮನೆಯವರು ತೊಟ್ಟಿಲಲ್ಲಿ ಇಟ್ಟಂತೆಯೇ: ಹುಚ್ಚಮ್ಮ.