ಮಮ್ಮಿವಸ್ತ್ರದ ನೂಲು

ಕುಲ ತಿಳಿಯದ ನೂಲು ಕೈಗೆ ಬಂದಾಗ ನೇಕಾರನು ಮೊದಲು ಮೊರೆಹೋಗುವುದು ಬೆಂಕಿಗೆ. ಎಳೆಯೊಂದನ್ನು ದೀಪದ ಕುಡಿಗೆ ಹಿಡಿದರೆ ರೇಷ್ಮೆ ಉಣ್ಣೆಗಳು ಮುದುಡಿ, ಕೂದಲು ಸುಟ್ಟ ಕಮಟನ್ನು ಬೀರಿ, ಬೆರಳಲ್ಲಿ ಹಿಸುಕಿದರೆ ಪುಡಿಯಾಗುವ ಕರಿಯ ಗುಂಡನ್ನು ಉಳಿಸುತ್ತವೆ; ಹತ್ತಿಯಾದರೋ ಕಾಗದದಂತೆ ಉರಿದು ಹಗುರಾದ ಬೂದಿಯಾಗುತ್ತದೆ. ಆದರೆ ಹತ್ತಿಗೂ ಅಗಸೆನಾರಿಗೂ ಭೇದವನ್ನು ಹೇಳಬೇಕಾದಾಗ ಅಗ್ನಿಯೂ ಮೂಕವಾಗುತ್ತದೆ. ಎರಡೂ ಸೆಲ್ಯುಲೋಸೆಂಬ ಒಂದೇ ದ್ರವ್ಯದಿಂದಾದವು, ಎರಡರ ಹೊಗೆಯೂ ಒಂದೇ.

ಈಜಿಪ್ತಿನ ಮಮ್ಮಿಗಳಿಗೆ ಸುತ್ತಿದ ಬಟ್ಟೆ ಯಾವುದೆಂಬ ವಿವಾದವು ಹದಿನೆಂಟನೆಯ ಶತಮಾನದ ಯುರೋಪಿನಲ್ಲಿ ಬಗೆಹರಿಯದೆ ಉಳಿದುದು ಈ ತೊಡಕಿನಿಂದಲೇ. ಪ್ರಾಚೀನ ಗ್ರೀಕ್ ಇತಿಹಾಸಕಾರ ಹೆರೊಡೋಟಸನು ಆ ವಸ್ತ್ರವನ್ನು ಹೆಸರಿಸಿದ್ದನಾದರೂ ಆ ಹೆಸರು ಯಾವ ನಾರಿಗೆ ಸಲ್ಲುವುದೆಂಬುದರಲ್ಲೇ ಪಂಡಿತರಿಗೆ ಒಮ್ಮತವಿರಲಿಲ್ಲ. ಫ್ರಾನ್ಸಿನ ರಸಾಯನವಿಜ್ಞಾನಿ ರುಯೆಲ್ ಅದು ಹತ್ತಿಯೆಂದನು. 1776ರಲ್ಲಿ ಫಾರ್ಸ್ಟರನೆಂಬ ವಿದ್ವಾಂಸನು ಲ್ಯಾಟಿನ್ ಗ್ರಂಥವೊಂದನ್ನೇ ರಚಿಸಿ ಅದೇ ಪಕ್ಷವನ್ನು ಹಿಡಿದನು. ಸ್ಪರ್ಶವನ್ನೂ ಕಣ್ಣಂದಾಜನ್ನೂ ನಂಬಿ ಹೊರಟ ಪಾಂಡಿತ್ಯವು ಎಷ್ಟು ವಿಸ್ತಾರವಾದರೇನು, ಎಳೆಯ ಅಂತರಂಗಕ್ಕೆ ಅದು ಇಳಿಯಲಾರದು.

ಇಳಿದು ನೋಡಬೇಕೆಂಬ ಹಟವನ್ನು ತೊಟ್ಟವನು ಇಂಗ್ಲೆಂಡಿನ ಲ್ಯಾಂಕಷೈರಿನಲ್ಲಿ ಹತ್ತಿಬಟ್ಟೆಗೆ ಅಚ್ಚುಹಾಕಿಸುವ ಉದ್ಯಮವನ್ನು ನಡೆಸುತ್ತಿದ್ದ ಜೇಮ್ಸ್ ಟಾಮ್ಸನ್. ದಿನಬೆಳಗಾದರೆ ಬಟ್ಟೆಯೊಡನೆಯೇ ಬಾಳುತ್ತಿದ್ದ ಈತನಿಗೆ ಪಂಡಿತರ ನಿರ್ಣಯದಲ್ಲಿ ಸಂಶಯವುಂಟಾಗಿ, ಕ್ಯೂ ಉದ್ಯಾನದಲ್ಲಿ ಸಸ್ಯಚಿತ್ರಗಳನ್ನು ಬರೆಯುತ್ತಿದ್ದ ಫ್ರಾನ್ಸಿಸ್ ಬೌಯರನ ಬಳಿಗೆ ಮಮ್ಮಿವಸ್ತ್ರದ ಎಳೆಗಳನ್ನು ಕಳುಹಿಸಿದನು. ಬೌಯರನು ಸೂಕ್ಷ್ಮದರ್ಶಕದಡಿಯಲ್ಲಿ ಕಂಡುದಿಷ್ಟು: ಹತ್ತಿಯ ಎಳೆಯು ಕಾಯಿಯೊಳಗಿರುವಾಗ ದುಂಡಾದ ನಳಿಕೆ, ಬಲಿತು ಒಣಗಿದಾಗ ಅದು ಕುಸಿದು ಚಪ್ಪಟೆಯಾಗಿ, ತನ್ನಷ್ಟಕ್ಕೇ ಹುರಿಗೊಂಡ ಪಟ್ಟಿಯಾಗುತ್ತದೆ. ಅಗಸೆಯ ಎಳೆಯಾದರೋ ನೇರವಾಗಿ, ಅಲ್ಲಲ್ಲಿ ಅಡ್ಡಗೆರೆಗಳನ್ನು ಹೊತ್ತು, ಗಿಣ್ಣುಗಳುಳ್ಳ ಬೆತ್ತದಂತೆ ತೋರುತ್ತದೆ. ಹತ್ತಿಯ ಈ ಹುರಿಯನ್ನು ನೂಲುವವಳ ಬೆರಳಾಗಲಿ, ಮಗ್ಗವಾಗಲಿ, ಅಗಸನ ಕಲ್ಲಾಗಲಿ, ಬಣ್ಣದ ಹಂಡೆಯಾಗಲಿ ಅಳಿಸಲಾರವು. ಟಾಮ್ಸನನು 1834ರಲ್ಲಿ ಪ್ರಕಟಿಸಿದ ಲೇಖನದಿಂದ, ಪರೀಕ್ಷೆಗೊಳಗಾದ ಮಮ್ಮಿವಸ್ತ್ರಗಳು ಅಗಸೆನಾರಿನವೆಂದು ಸಿದ್ಧವಾಯಿತು. ವಿದ್ವತ್ತೆಯ ದೊಡ್ಡ ವಿವಾದವನ್ನು ಬಟ್ಟೆಯ ಕಸುಬಿನವನೂ ಚಿತ್ರಕಾರನೂ ಕೂಡಿ ಮುಗಿಸಿದರೆಂಬುದು ನನಗೆ ಅತ್ಯಂತ ಗೌರವದ ಸಂಗತಿಯಾಗಿ ಕಾಣುತ್ತದೆ.

ಸುಮಾರು ತೊಂಬತ್ತು ವರ್ಷಗಳ ತರುವಾಯ ಹತ್ತಿಯ ಹುರಿಯೆಂಬ ಇದೇ ಲಕ್ಷಣವು ನಮ್ಮ ಕಡೆಯ ಪ್ರಶ್ನೆಯೊಂದಕ್ಕೂ ಉತ್ತರವನ್ನು ಕೊಟ್ಟಿತು. ಮೊಹೆಂಜೊದಾರೊವಿನ ಉತ್ಖನನದಲ್ಲಿ ದೊರೆತ ಬೆಳ್ಳಿಯ ಪಾತ್ರೆಯೊಂದಕ್ಕೆ ಬಟ್ಟೆಯ ಚೂರು ಅಂಟಿಕೊಂಡಿತ್ತು. ಲೋಹದ ಲವಣಗಳು ಎಳೆಗಳೊಳಕ್ಕೆ ಇಳಿದಿದ್ದುದರಿಂದಲೇ ಅದು ಮಣ್ಣಿನಲ್ಲಿ ಕೊಳೆತುಹೋಗಿರಲಿಲ್ಲ. ಮುಂಬಯಿಯ ಮಾಟುಂಗದ ಹತ್ತಿ ಪ್ರಯೋಗಾಲಯದಲ್ಲಿ ಟರ್ನರ್ ಮತ್ತು ಗುಲಾಟಿಯವರು ಅದನ್ನು ಪರೀಕ್ಷಿಸಿದಾಗ ಜೀರ್ಣವಾಗಿದ್ದ ಆ ಎಳೆಗಳು ಮುಟ್ಟಿದರೆ ಮುರಿಯುವಂತಿದ್ದುವು. ಆದರೂ ಉಳಿದುಬಂದವುಗಳಲ್ಲಿ ಆ ಸಹಜವಾದ ಹುರಿಯು ಸ್ಪಷ್ಟವಾಗಿ ಕಂಡಿತು. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಸಿಂಧೂ ತೀರದಲ್ಲಿ ನೂತದ್ದು ಹತ್ತಿಯೇ ಎಂದು ಅವರು ನಿರ್ಣಯಿಸಿದುದು ಅದರ ಬಲದಿಂದ.