ಬೆಳೆಸಿದ ಅಂಗಗಳ ಚರಿತ್ರೆ: ಚರ್ಮದಿಂದ ಯಕೃತ್ತಿನವರೆಗೆ

ಕಸಿಗೆ ಬೇಕಾದ ಅಂಗಗಳ ಕೊರತೆಯು ಕಸಿ ಶಸ್ತ್ರಚಿಕಿತ್ಸೆಯ ಯಶಸ್ಸಿನಿಂದಲೇ ಹುಟ್ಟಿದ್ದು. 1954ರಲ್ಲಿ ಬಾಸ್ಟನ್ನಿನಲ್ಲಿ ಜೋಸೆಫ್ ಮರ್ರೆ ತದ್ರೂಪಿ ಅವಳಿಗಳಲ್ಲಿ ಒಬ್ಬನ ಮೂತ್ರಪಿಂಡವನ್ನು ಇನ್ನೊಬ್ಬನಿಗೆ ಜೋಡಿಸಿದಾಗ ಆ ಚಿಕಿತ್ಸೆಯ ವ್ಯಾಪ್ತಿ ತೀರ ಕಿರಿದಾಗಿತ್ತು. ಅನ್ಯರ ಅಂಗವನ್ನು ತಿರಸ್ಕರಿಸುವ ರೋಗನಿರೋಧಕ ಶಕ್ತಿಯನ್ನು ಹತ್ತಿಕ್ಕುವ ಸೈಕ್ಲೋಸ್ಪೋರಿನ್ ಔಷಧವು 1980ರ ದಶಕದಲ್ಲಿ ಬಳಕೆಗೆ ಬಂದ ಮೇಲೆ ಬೇಡಿಕೆ ಏರಿತು, ದಾನಿಗಳ ಸಂಖ್ಯೆ ಅದಕ್ಕೆ ಸರಿದೂಗಲಿಲ್ಲ. ರೋಗಿಯದೇ ಜೀವಕೋಶಗಳಿಂದ ಅಂಗವನ್ನು ಬೆಳೆಸಿಕೊಡುವ ಪುನರುತ್ಪಾದಕ ವೈದ್ಯಕೀಯದ ಕಡೆಗೆ ಭರವಸೆಯ ಕಣ್ಣುಗಳು ತಿರುಗಿದ್ದು ಈ ಹಿನ್ನೆಲೆಯಲ್ಲಿ.

ಅದರ ಮೊದಲ ಗೆಲುವು ಚರ್ಮದ್ದು. ವಿಕಿರಣದಿಂದ ವಿಭಜನೆ ನಿಲ್ಲಿಸಿದ ಇಲಿಯ ಕೋಶಗಳ ಹಾಸಿನ ಮೇಲೆ ಮನುಷ್ಯನ ಹೊರಚರ್ಮದ ಕೋಶಗಳನ್ನು ಮತ್ತೆ ಮತ್ತೆ ಬೆಳೆಸಬಹುದೆಂದು ಜೇಮ್ಸ್ ರೈನ್‌ವಾಲ್ಡ್ ಮತ್ತು ಹೊವಾರ್ಡ್ ಗ್ರೀನ್ 1975ರಲ್ಲಿ ತೋರಿಸಿದರು. 1983ರಲ್ಲಿ, ಮೈಯ ಶೇಕಡಾ 95ಕ್ಕೂ ಹೆಚ್ಚು ಭಾಗ ಸುಟ್ಟುಹೋಗಿದ್ದ ಇಬ್ಬರು ಬಾಲಕ ಸಹೋದರರಿಗೆ, ಸುಡದೆ ಉಳಿದಿದ್ದ ಚರ್ಮದ ಸಣ್ಣ ತುಣುಕುಗಳಿಂದ ಬೆಳೆಸಿದ ಹಾಳೆಗಳನ್ನು ಬಾಸ್ಟನ್ನಿನ ವೈದ್ಯರು ಹೊದಿಸಿದರು, ಇಬ್ಬರೂ ಬದುಕಿದರು. ಈ ಶಾಸ್ತ್ರದ ಚರಿತ್ರೆಯಲ್ಲಿ ಇದಕ್ಕಿಂತ ನಿಸ್ಸಂದಿಗ್ಧವಾದ ಗೆಲುವನ್ನು ಕಾಣುವುದು ಕಷ್ಟ.

ಆದರೆ ಹೊರಚರ್ಮ ತೆಳುವಾದ ಪದರ. ಜೀವಕೋಶವೊಂದು ಉಸಿರಾಡಬೇಕಾದರೆ ಅತಿಸೂಕ್ಷ್ಮ ರಕ್ತನಾಳವಾದ ಲೋಮನಾಳವು ಅದರಿಂದ ಸುಮಾರು 0.2 ಮಿಲಿಮೀಟರಿನೊಳಗೆ ಇರಬೇಕಾಗುತ್ತದೆ. ದಪ್ಪ ಅಂಗದಲ್ಲಿ ಆ ಜಾಲವಿಲ್ಲದಿದ್ದರೆ ಒಳಗಿನ ಕೋಶಗಳು ಸಾಯುತ್ತವೆ. ಆಂಥನಿ ಅಟಾಲ ಅವರು 2006ರಲ್ಲಿ ಏಳು ಎಳೆಯ ರೋಗಿಗಳಿಗೆ ಬೆಳೆಸಿಕೊಟ್ಟ ಮೂತ್ರಕೋಶಗಳ ವರದಿಯನ್ನು ಪ್ರಕಟಿಸಿದಾಗಲೂ ಈ ಸತ್ಯ ಎದ್ದು ಕಂಡಿತು: ದೇಹದಲ್ಲಿ ಕರಗಬಲ್ಲ ಚೌಕಟ್ಟಿನ ಮೇಲೆ ಅವರವರ ಕೋಶಗಳನ್ನು ಬೆಳೆಸಿ, ರಕ್ತನಾಳಗಳಿಂದ ಸಮೃದ್ಧವಾದ ಹೊಟ್ಟೆಯೊಳಗಿನ ಕೊಬ್ಬಿನ ಪೊರೆಯನ್ನು ಅದಕ್ಕೆ ಸುತ್ತಿದಾಗ ಫಲ ಉತ್ತಮವಾಗಿತ್ತು. ಮುಂದಿನ ಪರೀಕ್ಷೆಗಳು ಆ ಭರವಸೆಯನ್ನು ಉಳಿಸಲಿಲ್ಲ.

ರಕ್ತನಾಳಗಳಿಲ್ಲದೆ ಕೋಶಗಳು ಬದುಕವೆಂಬ ಕಟ್ಟಳೆಯನ್ನು ಕಡೆಗಣಿಸಿದ್ದಕ್ಕೆ ತೆತ್ತ ಬೆಲೆ ದಾರುಣ. 2011ರಿಂದ ಸ್ಟಾಕ್‌ಹೋಮಿನ ಕರೋಲಿನ್ಸ್ಕಾ ಆಸ್ಪತ್ರೆಯಲ್ಲಿ ಪಾವ್ಲೊ ಮಕಿಯಾರಿನಿ ಮೂವರಿಗೆ ಮೂಳೆಮಜ್ಜೆಯ ಕೋಶಗಳನ್ನು ಲೇಪಿಸಿದ ಪ್ಲಾಸ್ಟಿಕ್ ಶ್ವಾಸನಾಳವನ್ನು ಅಳವಡಿಸಿದರು. ಮೂವರೂ ತೀರಿಕೊಂಡರು, 2023ರಲ್ಲಿ ಸ್ವೀಡನ್ನಿನ ಮೇಲ್ಮನವಿ ನ್ಯಾಯಾಲಯ ಮಕಿಯಾರಿನಿಗೆ ಸೆರೆವಾಸ ವಿಧಿಸಿತು. ಸಾಯುತ್ತಿರುವವರ ಆಸೆಯನ್ನು ಪುರಾವೆಯ ಜಾಗದಲ್ಲಿ ಇರಿಸುವ ಹಕ್ಕು ಯಾವ ವೈದ್ಯನಿಗೂ ಇಲ್ಲ.

ಹೆಚ್ಚು ಪ್ರಾಮಾಣಿಕವಾದ ದಾರಿಯನ್ನು ಜಪಾನಿನ ಯೊಕೊಹಾಮದಲ್ಲಿ ತಕಾನೊರಿ ತಕೆಬೆ ಅವರ ತಂಡ 2013ರಲ್ಲಿ ತೋರಿತು. ಯಾವ ಅಂಗಾಂಶವಾಗಿಯೂ ಮಾರ್ಪಡಬಲ್ಲ ಕಾಂಡಕೋಶಗಳಿಂದ ಪಡೆದ ಯಕೃತ್ತಿನ ಪೂರ್ವಕೋಶಗಳೊಡನೆ ರಕ್ತನಾಳದ ಒಳಪದರದ ಕೋಶಗಳನ್ನೂ ಬೆರೆಸಿದಾಗ ಅವು ತಾವೇ ಕೂಡಿ ಮೊಗ್ಗುಗಳಾದವು, ಇಲಿಯ ದೇಹಕ್ಕೆ ಸೇರಿಸಿದ 48 ಗಂಟೆಗಳೊಳಗೆ ಅದರ ರಕ್ತನಾಳಗಳೊಡನೆ ಬೆಸೆದುಕೊಂಡವು. ಆ ಮೊಗ್ಗುಗಳ ಅಳತೆ ಕೆಲವೇ ಮಿಲಿಮೀಟರು. ವಯಸ್ಕರ ಯಕೃತ್ತು ಸುಮಾರು ಒಂದೂವರೆ ಕಿಲೋ ತೂಗುತ್ತದೆ.